ಗೆಲ್ಲುವವರನ್ನು ಮುಂಚಿತವಾಗಿ ಹೇಳಬಹುದೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಶಾಲೆಗಳ ಕ್ರೀಡಾಕೂಟಗಳು ಸಮೀಪಿಸಿದವೆಂದರೆ, ಖೋ-ಖೋದಲ್ಲಿ ಯಾವ ಶಾಲೆ ಗೆಲ್ಲುವದು, ಕಬಡ್ಡಿಯಲ್ಲಿ ಯಾವದು ಎಂಬ ಮಾತು ಪಂದ್ಯಕ್ಕಿಂತ ಮೊದಲೇ ಆರಂಭವಾಗುತ್ತದೆ. ವಿದ್ಯಾರ್ಥಿನಿಯರು ನುಡಿಯುತ್ತಾರೆ, ಗುರುಗಳು ನುಡಿಯುತ್ತಾರೆ, ಶಾಲೆಯ ಕಟ್ಟೆಯನ್ನೇ ಹತ್ತದವರೂ ಕಬ್ಬಿನ ಗಾಡಿಯ ಮೇಲೆ ಕುಳಿತು ನುಡಿಯುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಆ ಭವಿಷ್ಯಕ್ಕೆ ಎಷ್ಟು ಬೆಲೆ ಕೊಡಬೇಕೆಂಬದನ್ನು ಲೆಕ್ಕ ಹಾಕಿ ನೋಡುವವರು ವಿರಳ. ನೋಡದೆ ಹೋದರೆ ಅದರ ನಷ್ಟವು ಹೆಣ್ಣುಮಕ್ಕಳಿಗೇ ತಟ್ಟುತ್ತದೆಂದು ನಾವು ತಿಳಿಯುತ್ತೇವೆ.

ನಾಕೌಟ್ ಎಂಬ ಕ್ರಮದಲ್ಲಿ ಒಮ್ಮೆ ಸೋತವರು ಹೊರಬೀಳುತ್ತಾರೆ. ಎಂಟು ತಂಡಗಳಿದ್ದರೆ ಏಳು ಪಂದ್ಯ, ಮೂರು ಸುತ್ತು. ಒಂದು ತಂಡವು ಉಳಿದವರೆಲ್ಲರಿಗಿಂತ ಬಲವುಳ್ಳದ್ದಾಗಿ, ಯಾರ ಮೇಲೆ ಆಡಿದರೂ ಹತ್ತರಲ್ಲಿ ಏಳು ಸಲ ಗೆಲ್ಲತಕ್ಕದ್ದೆಂದು ಭಾವಿಸಿರಿ. ಅದು ಮೂರು ಸುತ್ತುಗಳನ್ನೂ ದಾಟುವ ಸಂಭವವೆಷ್ಟು? ಏಳು ದಶಾಂಶವನ್ನು ಮೂರು ಸಲ ಗುಣಿಸಿದರೆ ನೂರರಲ್ಲಿ 34 ಮಾತ್ರ. ಅಂದರೆ ನಿಜವಾಗಿಯೂ ಶ್ರೇಷ್ಠವಾದ ತಂಡವೇ ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಬರಿಗೈಯಿಂದ ಮರಳುವದು. ಆದರೂ ಒಂದೇ ಹೆಸರು ಹೇಳಬೇಕಾದರೆ ಆ ಹೆಸರನ್ನೇ ಹೇಳುವದು ಯುಕ್ತ. ಉಳಿದ 66 ಪಾಲು ಏಳು ತಂಡಗಳಲ್ಲಿ ಹಂಚಿಹೋಗಿರುತ್ತದೆ.

ಬಲಾಬಲವನ್ನು ಅಳೆಯುವದಕ್ಕೆ ಒಳ್ಳೆಯ ಉಪಾಯಗಳುಂಟು. ಹಂಗೇರಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಏಲೋ ಎಂಬವರು ಚದುರಂಗದವರಿಗಾಗಿ ಒಂದು ಅಂಕಪದ್ಧತಿಯನ್ನು ರಚಿಸಿದರು. 1970ರಲ್ಲಿ ವಿಶ್ವ ಚದುರಂಗ ಸಂಘವು ಅದನ್ನು ಅಂಗೀಕರಿಸಿತು. ಬಲಿಷ್ಠರನ್ನು ಸೋಲಿಸಿದವರಿಗೆ ಹೆಚ್ಚು ಅಂಕ, ದುರ್ಬಲರನ್ನು ಸೋಲಿಸಿದವರಿಗೆ ಕಡಿಮೆ. ಎದುರಾಳಿಗಿಂತ 200 ಅಂಕ ಮೇಲಿರುವವರಿಂದ ನಾಲ್ಕರಲ್ಲಿ ಸುಮಾರು ಮೂರು ಪಾಲು ಫಲವನ್ನು ನಿರೀಕ್ಷಿಸಬಹುದು. ಒಂದು ನೋಟುಬುಕ್ಕಿನಲ್ಲಿ ಯಾರು ಯಾರನ್ನು ಸೋಲಿಸಿದರೆಂದು ಬರೆದಿಟ್ಟರೆ ತಾಲೂಕಿನ ಮಟ್ಟಕ್ಕೂ ಇದು ಸಾಕು. ಆದರೆ ಹಾಯಸ್ಕೂಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಪ್ರತಿ ವರ್ಷ ಹತ್ತನೆಯ ಇಯತ್ತೆಯವರು ಹೊರಟುಹೋಗುವರು, ಆದಕಾರಣ ಹೋದ ವರ್ಷದ ಕಪ್ಪು ಈ ವರ್ಷದ ತಂಡಕ್ಕೆ ಸಾಕ್ಷಿಯಲ್ಲ.

ಲೆಕ್ಕ ಬೇಡವೆನ್ನುವವರು 2010ರ ಫುಟ್‌ಬಾಲ್ ವಿಶ್ವಕಪ್ಪಿನ ಕಾಲದಲ್ಲಿ ಜರ್ಮನಿಯ ಪೌಲ್ ಎಂಬ ಆಕ್ಟೋಪಸ್ಸನ್ನು ನೆನೆಯುವರು. ಅದು ಎಂಟು ಪಂದ್ಯಗಳ ವಿಜಯಿಗಳನ್ನು ತಪ್ಪದೆ ಆರಿಸಿತು. ಆದರೆ 256 ಪ್ರಾಣಿಗಳ ಮುಂದೆ ಅದೇ ಎರಡೆರಡು ಪೆಟ್ಟಿಗೆಗಳನ್ನಿಟ್ಟರೆ ಸರಾಸರಿಯಲ್ಲಿ ಒಂದು ಎಂಟನ್ನೂ ಸರಿಯಾಗಿ ಆರಿಸುವದು. ತಪ್ಪಿದ ಪ್ರಾಣಿಗಳ ಚಿತ್ರವನ್ನು ಪತ್ರಿಕೆಗಳು ಅಚ್ಚು ಹಾಕುವದಿಲ್ಲ!

ರಣಜಿ ಕಪ್ಪಿನ ಕ್ರಿಕೆಟ್ಟಿನಲ್ಲಿ ಮುಂಬಯಿಯು 1958-59ರಿಂದ 1972-73ರ ವರೆಗೆ ಸತತವಾಗಿ ಹದಿನೈದು ವರ್ಷ ಗೆದ್ದಿತು. ಹಳೆಯ ದಾಖಲೆಯನ್ನು ನೋಡಿ ಭವಿಷ್ಯ ಹೇಳಿದವನು ಹದಿನೈದು ಸಲವೂ ಜಾಣನೆನಿಸಿದನು. 1974ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರು ಶತಕ ಬಾರಿಸಿದರು, ನಾಯಕರಾದ ಪ್ರಸನ್ನರು ಗಾವಸ್ಕರರನ್ನು ಉರುಳಿಸಿದರು, ಕರ್ನಾಟಕವು ಮೊದಲ ಸರದಿಯ ಮುನ್ನಡೆಯಿಂದ ಗೆದ್ದು ಮುಂದೆ ಕಪ್ಪನ್ನೂ ತಂದಿತು. ಹಲವು ದಿನಗಳ ಆಟದಲ್ಲಿ ಆಕಸ್ಮಿಕಕ್ಕೆ ಎಡೆ ಕಡಿಮೆಯಾದ್ದರಿಂದಲೇ ಮುಂಬಯಿಯ ಓಟವು ಅಷ್ಟು ದೀರ್ಘವಾಯಿತೆಂದು ನಮ್ಮ ಮತ. ಕೆಲವೇ ನಿಮಿಷಗಳ ಖೋ-ಖೋದಲ್ಲಿ ಒಂದು ಕಾಲು ಜಾರಿದರೆ ಇಡೀ ವರ್ಷದ ಅಭ್ಯಾಸವು ಮುಗಿದಂತೆ.

ಇದಲ್ಲದೆ ಚೀಟಿಯ ಭಾಗ್ಯವೂ ಇದೆ. ಮಕ್ಕಳ ಕಥೆ 'ಆಲಿಸ್' ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ಚೀಟಿ ಎತ್ತಿ ಜೋಡಿ ಮಾಡಿದ 32 ಟೆನಿಸ್ ಆಟಗಾರರಲ್ಲಿ, ಶ್ರೇಷ್ಠರು ಯಾವಾಗಲೂ ಗೆದ್ದರೂ ಸಹ, ಎರಡನೆಯ ಶ್ರೇಷ್ಠನಿಗೆ ಎರಡನೆಯ ಬಹುಮಾನ ಸಿಕ್ಕುವ ಸಂಭವವು 31ರಲ್ಲಿ 16 ಮಾತ್ರವೆಂದು ಅವರು 1883ರಲ್ಲಿ ತೋರಿಸಿದರು. ಅವನು ಮೊದಲನೆಯವನ ಪಾಲಿಗೇ ಬಿದ್ದರೆ ಬೇಗನೆ ಮನೆಗೆ ಹೋಗುವನು. ನಮ್ಮ ಎಂಟು ತಂಡಗಳಲ್ಲಿಯೂ ಏಳರಲ್ಲಿ ಮೂರು ಸಲ ಹೀಗೆಯೇ ಆಗುವದು.

ಹಣ ಕಟ್ಟಿ ಭವಿಷ್ಯ ಹೇಳುವವರ ಸಂಗಡ ನಮಗೆ ಮಾತಿಲ್ಲ. ಅಂಥ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಶಾಸನವು ನಿಷೇಧಿಸಿತು, ಬಹಳ ಒಳ್ಳೆಯದಾಯಿತು. ನಮ್ಮ ಚಿಂತೆ ಬೇರೆ. ಮೊದಲನೆಯ ಸುತ್ತಿನಲ್ಲಿ ಸೋತ ಹುಡುಗಿಯು ಮನೆಗೆ ಬಂದರೆ, "ಸಾಕು, ಇನ್ನು ಆಟ ಬಿಡು" ಎಂದು ಹಿರಿಯರು ಸಹಜವಾಗಿ ಹೇಳಿಬಿಡುವರು. ಹುಡುಗನಿಗೆ ಬಯಲಿನಲ್ಲಿ ಸಂಜೆ ಮತ್ತೊಂದು ಆಟ ಸಿಕ್ಕೀತು. ಇವಳಿಗೆ ಶಾಲೆಯ ಮೈದಾನದ ಹೊರತು ಬೇರೆ ಮೈದಾನವಿಲ್ಲ. ಚೀಟಿಯೂ ಜಾರಿದ ಕಾಲೂ ಮಾಡಿದ ತೀರ್ಪನ್ನು ಅವಳ ಯೋಗ್ಯತೆಯ ತೀರ್ಪೆಂದು ಎಣಿಸುವದು ಅನ್ಯಾಯವಷ್ಟೇ ಅಲ್ಲ, ಕೆಟ್ಟ ಗಣಿತವೂ ಹೌದು.

ಆದ್ದರಿಂದ ಪಂದ್ಯಗಳನ್ನೇರ್ಪಡಿಸುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆ ಏನಂದರೆ: ಬಲವುಳ್ಳ ಎರಡು ತಂಡಗಳನ್ನು ಬೇರೆಬೇರೆ ಪಾಲಿನಲ್ಲಿ ಇರಿಸಿ ಉಳಿದವರಿಗೆ ಚೀಟಿ ಎತ್ತಿರಿ, ಮೊದಲ ಸುತ್ತಿನಲ್ಲಿ ಸೋತ ನಾಲ್ಕು ತಂಡಗಳಿಗೆ ಪ್ರತ್ಯೇಕವಾದ ಚಿಕ್ಕ ಪಂದ್ಯಾವಳಿಯನ್ನು ಇಡಿರಿ. ಏಳು ಪಂದ್ಯಗಳ ಬದಲಾಗಿ ಹತ್ತಾಗುವವು. ಎರಡು ಅಂಕಣಗಳಿದ್ದರೆ ಒಂದೇ ದಿನದಲ್ಲಿ ಮುಗಿಯುವವು, ಮತ್ತು ಬುತ್ತಿ ಕಟ್ಟಿಕೊಂಡು ಬಂದ ಪ್ರತಿಯೊಬ್ಬ ಹುಡುಗಿಯೂ ಎರಡು ಸಲವಾದರೂ ಆಡಿ ಹೋಗುವಳು.