ಬದುವಿಗೆ ಯಾಕೆ ವಿಷ ಹೊಡೀಬೇಕು?

ಕೃತ್ತಿಕೆ ಮಳೆ ಎರಡು ಸಲ ಹದವಾಗಿ ಬಿತ್ತು ಅಂದ್ರೆ ನಮ್ಮ ತುಮಕೂರು ಸೀಮೆಯಲ್ಲಿ ಬದುಗಳು ಹಸಿರಾಗ್ತವೆ. ಹೊಲ ಇನ್ನೂ ಉತ್ತ ಮಣ್ಣಿನ ಬಣ್ಣದಲ್ಲೇ ಇರುತ್ತೆ, ಬದುವಿನ ಮೇಲೆ ಮಾತ್ರ ಅಣ್ಣೆ, ಗಣಿಕೆ, ಗೋಣಿ ಸೊಪ್ಪು, ಮುಳ್ಳುದಂಟು ಎಲ್ಲಾ ಒಟ್ಟಿಗೇ ಎದ್ದಿರ್ತವೆ. ಅದೇ ಹೊತ್ತಿಗೆ ಔಷಧಿ ಅಂಗಡಿಗಳಲ್ಲಿ ಕಳೆನಾಶಕದ ಕ್ಯಾನುಗಳೂ ಬಂದು ಕೂರ್ತವೆ. ರೈತ ಮಿತ್ರರೇ, ಈ ಸಲ ಆ ಕ್ಯಾನು ಮನೆಗೆ ತರುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ. ಬೇರೆಯವರ ತಪ್ಪು ಹೇಳೋಕೆ ಬಂದಿಲ್ಲ, ನಾನೇ ಮಾಡಿದ ತಪ್ಪು ಹೇಳ್ತೀನಿ.

ಮೊದಲು ಹಳೇ ಮಾತು. ನಮ್ಮೂರಿಂದ ಶಾಲೆ ಎರಡು ಮೈಲಿ. ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊರಟರೆ ಮನೆ ಊಟ ಮತ್ತೆ ಸಂಜೆಗೇ. ನಡುವಿನ ಹೊಟ್ಟೆ ನೋಡಿಕೊಂಡಿದ್ದು ದಾರಿಯ ಬೇಲಿ ಮತ್ತು ಬದು. ಬೇಸಿಗೆಯಲ್ಲಿ ಹುಣಸೆ ಚಿಗುರು. ಅದಕ್ಕೆ ಅಂತಲೇ ಚಡ್ಡಿ ಜೇಬಲ್ಲಿ ಕಾಗದದ ಚೂರಿನಲ್ಲಿ ಉಪ್ಪು ಇರ್ತಿತ್ತು. ಆಮೇಲೆ ಕವಳೆ. ಕಾಯಿದ್ದಾಗಲೇ ಕಚ್ಚಿ ಅದರ ಹಾಲು ತುಟಿಗೆ ಮೆತ್ತಿಕೊಳ್ಳೋದು. ಮುಂಗಾರು ಶುರುವಾಗೋ ಹೊತ್ತಿಗೆ ನೇರಳೆ, ಎಲ್ಲರ ನಾಲಿಗೆಯೂ ನೀಲಿ. ಮಳೆಗಾಲದಲ್ಲಿ ಬುಡ್ಡೆ ಹಣ್ಣು: ತೆಳ್ಳನೆ ಚೀಲದೊಳಗೆ ಗೋಲಿ ಹಾಗೆ ಕೂತಿರುತ್ತೆ, ಚೀಲ ಒಣಗಿ ಹಣ್ಣು ಹಳದಿಯಾದ ಮೇಲೆ ತಿನ್ನಬೇಕು. ಎಲಚಿ ಹಣ್ಣು ಸಂಕ್ರಾಂತಿ ಹೊತ್ತಿಗೆ. ಹಬ್ಬದ ದಿನ ಚಿಕ್ಕ ಮಕ್ಕಳ ತಲೆ ಮೇಲೆ ಎರೆಯೋಕೆ ಅಂತ ಆರಿಸಿ ತರೋಕೆ ಕಳಿಸಿದರೆ ಅರ್ಧ ನಮ್ಮ ಹೊಟ್ಟೆಗೇ. ಪಾಪಾಸುಕಳ್ಳಿ ಹಣ್ಣನ್ನು ಕಲ್ಲಿಗೆ ತಿಕ್ಕಿ ಮುಳ್ಳು ತೆಗೆದು ತಿಂದು, ಕೆಂಪು ಬಾಯಿ ತೋರಿಸಿ ರಕ್ತ ಬಂತು ಅಂತ ಅವ್ವನ್ನ ಹೆದರಿಸ್ತಿದ್ವಿ.

ಹೂವನ್ನೂ ಬಿಟ್ಟವರಲ್ಲ. ತುಂಬೆ ಹೂವು ಕಿತ್ತು ಅದರ ಬುಡ ಹೀರಿದರೆ ಒಂದು ಚುಕ್ಕಿ ಜೇನು. ಐವತ್ತು ಹೂವು ಹೀರಿದರೂ ಚಮಚ ತುಂಬೋದಿಲ್ಲ, ಆದರೂ ಹೀರ್ತಾ ಹೋಗ್ತಿದ್ವಿ. ನೆಲದ ಮೇಲೆ ಹರಡುವ ಹುಳಿಸೊಪ್ಪು, ಅಂದ್ರೆ ಪುಲ್ಲಂಪುರಚಿ, ವರ್ಷದಲ್ಲಿ ಬಹಳ ದಿನ ಸಿಗೋದು. ಮೂರು ಪುಟ್ಟ ಎಲೆ, ಹಳದಿ ಹೂವು. ಒಂದು ಹಿಡಿ ಬಾಯಿಗೆ ಹಾಕಿ ಜಗಿದರೆ ಬಿಸಿಲಿನ ದಾಹವೇ ಹೋಗ್ತಿತ್ತು.

ಹಾಗಂತ ಕಂಡದ್ದೆಲ್ಲ ತಿಂತಿರಲಿಲ್ಲ. ಯಾವುದು ಬಾಯಿಗೆ, ಯಾವುದು ಬರೀ ಕಣ್ಣಿಗೆ ಅನ್ನೋದನ್ನ ದೊಡ್ಡ ಹುಡುಗರು, ದನ ಕಾಯೋ ಅಕ್ಕಂದಿರು ಹೇಳಿಕೊಡ್ತಿದ್ರು. ಗುಲಗಂಜಿ ಸರ ಮಾಡೋಕೆ ಮಾತ್ರ. ಉಮ್ಮತ್ತಿ ಕಾಯಿ, ಹರಳು ಬೀಜ, ಕಾಡುಹರಳು ಬೀಜ ಮುಟ್ಟಿದರೆ ಏಟು. ಗಣಿಕೆ ಹಣ್ಣು ಕಪ್ಪಾಗಿದ್ದರೆ ಸರಿ, ಹಸಿರು ಕಾಯಿ ತಿನ್ನಬಾರದು. ಹಕ್ಕಿ ತಿಂದಿದ್ದೆಲ್ಲ ನಮಗೂ ಆಗುತ್ತೆ ಅಂತಲ್ಲ. ಪುಸ್ತಕದಲ್ಲಿ ಇಲ್ಲದ ಈ ಪಾಠ ನಡೆದಿದ್ದು ಬದುವಿನ ಮೇಲೆ.

ಈಗ ನನ್ನ ತಪ್ಪಿನ ಕಥೆ. ಹೋದ ವರ್ಷ ಮೇ ತಿಂಗಳಲ್ಲಿ ಮಗಳು, ಏಳು ವರ್ಷದ ಮೊಮ್ಮಗಳು ರಜೆಗೆ ಬಂದಿದ್ರು. ಆಳು ಸಿಗಲಿಲ್ಲ, ಬದು ಎಲ್ಲಾ ಕಳೆ ತುಂಬಿತ್ತು. ಸೋಮವಾರ ಬೆಳಿಗ್ಗೆ ನಾನೇ ಟ್ಯಾಂಕು ಬೆನ್ನಿಗೆ ಹಾಕಿಕೊಂಡು ಮೇಲಿನ ಹೊಲದ ಬದುವಿಗೆ ಗ್ಲೈಫೋಸೇಟ್ ಹೊಡೆದೆ. ಖಾಲಿ ಬಾಟಲಿ ಬೇಲಿ ಮಗ್ಗುಲಿಗೆ ಎಸೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇದರಲ್ಲಿ ಹೇಳೋದು ಏನಿದೆ ಅಂದುಕೊಂಡೆ.

ಗುರುವಾರ ಸಂತೆಯಿಂದ ಬಂದೆ. ಒಲೆ ಮೇಲೆ ಸೊಪ್ಪು ಬೇಯ್ತಿತ್ತು. ಎಂಬತ್ತರ ಹತ್ತಿರ ಬಂದ ನಮ್ಮವ್ವ ಜಗಲಿ ಮೇಲೆ ಕೂತು, "ಬೆರಕೆ ಸೊಪ್ಪು ತಂದೀವಿ ಕಣಪ್ಪ, ಮಸ್ಸೊಪ್ಪು ಮಾಡಿಸ್ತಾ ಇದೀನಿ. ಕೂಸು ಒಂದೊಂದು ಸೊಪ್ಪಿನ ಹೆಸರೂ ಕಲಿತ್ಕೊಂಡ್ಳು" ಅಂದ್ಲು.

"ಎಲ್ಲಿಂದ ತಂದ್ಯವ್ವ?"

"ಮೇಗಳ ಬದದಿಂದ."

ನನ್ನ ಕೈಕಾಲು ತಣ್ಣಗಾದವು. ಪಾತ್ರೆ ಇಳಿಸಿ ತಿಪ್ಪೆ ಹತ್ತಿರ ಗುಂಡಿ ತೋಡಿ ಮುಚ್ಚಿದೆ. ಮೊಮ್ಮಗಳನ್ನ ಕೇಳಿದರೆ, "ತಾತ, ಹುಳಿಸೊಪ್ಪು ತಿಂದೆ, ದೊಡ್ಡಜ್ಜಿ ತೋರಿಸಿಕೊಟ್ರು" ಅಂತ ಖುಷಿಯಾಗಿ ಹೇಳಿದಳು. ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವ ಔಷಧಿ? ಬಾಟಲಿ ತಂದಿದೀರಾ?" ಬಾಟಲಿ ಬೇಲಿಯಲ್ಲಿತ್ತು. ಪಕ್ಕದ ಹೊಲದವರಿಗೆ ಫೋನ್ ಮಾಡಿ, ಹುಡುಕಿಸಿ, ಫೋಟೊ ತರಿಸೋ ಹೊತ್ತಿಗೆ ಅರ್ಧ ಗಂಟೆ. ಮಗು ತಿಂದಿದ್ದು ಸ್ವಲ್ಪವೇ, ಹೊಡೆದು ಮೂರು ದಿನವೂ ಆಗಿತ್ತು. ಸಂಜೆವರೆಗೆ ಇಟ್ಟುಕೊಂಡು ನೋಡಿ, ಏನೂ ತೊಂದರೆ ಕಾಣದೆ ಮನೆಗೆ ಕಳಿಸಿದರು. ರಾತ್ರಿ ಅವ್ವ ಒಂದೇ ಮಾತು ಅಂದ್ಲು: "ಬದಕ್ಕೂ ವಿಷ ಹುಯ್ದ್ ಮೇಲೆ ನಾನು ಈ ಕೂಸಿಗೆ ಏನು ತೋರಿಸ್ಲಪ್ಪ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಗ್ಲೈಫೋಸೇಟ್ ಎಲೆಯ ಮೂಲಕ ಒಳಗೆ ಇಳಿದು ಬೇರಿನವರೆಗೆ ಹೋಗಿ ನಿಧಾನವಾಗಿ ಕೊಲ್ಲುವ ಔಷಧಿ. ಎಲೆ ಹಳದಿಗೆ ತಿರುಗೋಕೆ ನಾಲ್ಕೈದು ದಿನ ಬೇಕು, ಪೂರ್ತಿ ಒಣಗೋಕೆ ವಾರದ ಮೇಲೆ. ಅಲ್ಲಿವರೆಗೆ ಸೊಪ್ಪು ಹಸಿರಾಗಿಯೇ ಕಾಣುತ್ತೆ. ಅನುಭವ ಇರುವ ಅಜ್ಜಿಯ ಕಣ್ಣಿಗೂ ಗೊತ್ತಾಗಲ್ಲ, ಮಗುವಿಗೆ ಎಲ್ಲಿಂದ ಗೊತ್ತಾಗಬೇಕು? ಪ್ಯಾರಾಕ್ವಾಟ್ ಹೊಡೆದರೆ ಎಲೆ ಒಂದೆರಡು ದಿನದಲ್ಲೇ ಸುಟ್ಟಂತೆ ಒಣಗುತ್ತೆ, ಆದರೆ ಅದು ಇನ್ನೂ ಕೆಟ್ಟದ್ದು. ಆ ಔಷಧಿ ಒಂದೆರಡು ಗುಟುಕು ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ, ಅದಕ್ಕೆ ಪ್ರತಿವಿಷವೇ ಇಲ್ಲ.

ಗ್ಲೈಫೋಸೇಟ್ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಇದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಸಿಂಪಡಿಸಬೇಕು ಅಂತ ಅಧಿಸೂಚನೆ ಹೊರಡಿಸಿತು. ನಾನು ಅಂಥವನಲ್ಲ, ಆದರೂ ಹೊಡೆದೆ. ಊರಲ್ಲಿ ಹೊಡೆಯೋ ಬಹಳ ಜನ ನನ್ನಂಥವರೇ. ಆ ಜಗಳ ತೀರಲಿ ಬಿಡಲಿ, ಮಗು ಬಾಯಿಗೆ ಹಾಕುವ ಸೊಪ್ಪಿನ ಮೇಲೆ ಕಳೆನಾಶಕ ಇರಬಾರದು ಅನ್ನೋದಕ್ಕೆ ಯಾವ ವಿಜ್ಞಾನಿಯ ಸಹಿಯೂ ಬೇಕಿಲ್ಲ.

"ಆಳಿಲ್ಲ, ಕೂಲಿ ಜಾಸ್ತಿ, ಬದುವಿನಲ್ಲಿ ಹಾವು ಸೇರುತ್ತೆ" ಅಂತೀರಿ. ಮೂರೂ ನಿಜ. ನಾನು ಟ್ಯಾಂಕು ಬೆನ್ನಿಗೇರಿಸಿದ್ದೂ ಅದಕ್ಕೇ. ಆದರೆ ಲೆಕ್ಕ ಪೂರ್ತಿ ಹಾಕಿ. ಬದುವಿನ ಹುಲ್ಲು ಬೇರು ಸಮೇತ ಸತ್ತರೆ ಮಣ್ಣು ಹಿಡಿಯೋರಿಲ್ಲ. ನನ್ನ ಮೇಲಿನ ಬದು ಆ ಮುಂಗಾರಿನಲ್ಲೇ ಎರಡು ಕಡೆ ಕುಸಿಯಿತು, ಮತ್ತೆ ಕಟ್ಟಿಸಿದ ಖರ್ಚು ಕಳೆ ಕೊಯ್ಯಿಸೋ ಕೂಲಿಗಿಂತ ಹೆಚ್ಚಾಯ್ತು. ಬರಿದಾದ ಜಾಗಕ್ಕೆ ಮೊದಲು ಬಂದಿದ್ದು ಕಾಂಗ್ರೆಸ್ ಗಿಡ. ಅದನ್ನ ದನವೂ ಮುಟ್ಟಲ್ಲ. ತುಂಬೆ ಹೂವು ಇಲ್ಲದ ಬದುವಿಗೆ ಜೇನ್ನೊಣ ಯಾಕೆ ಬರಬೇಕು? ತೊಗರಿ, ಹುಚ್ಚೆಳ್ಳು, ಸೂರ್ಯಕಾಂತಿ ಹೂವಿಗೆ ಬರಬೇಕಾದ ನೊಣಗಳು ಅವೇ ಅಲ್ಲವೇ?

ಇನ್ನೊಂದು ಲೆಕ್ಕವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಸೊಪ್ಪು ತಿನ್ನಿಸಿ ಅಂತ ಅಂಗನವಾಡಿಯಲ್ಲಿ ಹೇಳ್ತಾರೆ. ನಾವು ಬದುವಿನ ಮೇಲೆ ಪುಕ್ಕಟೆ ಬೆಳೆದ ಸೊಪ್ಪನ್ನು ದುಡ್ಡು ಕೊಟ್ಟು ಸಾಯಿಸಿ, ಸಂತೆಯಲ್ಲಿ ದುಡ್ಡು ಕೊಟ್ಟು ಸೊಪ್ಪು ತರ್ತೀವಿ. ಬದುವಿನ ಸೊಪ್ಪೊಂದೇ ರಕ್ತಹೀನತೆ ನೀಗಿಸುತ್ತೆ ಅಂತ ನಾನು ಹೇಳಲ್ಲ. ಕೈಗೆ ಸಿಗೋದನ್ನ ನಾವೇ ಕಳಕೊಳ್ಳೋದು ಬೇಡ ಅಂತೀನಿ.

ಹೊಲದೊಳಗೆ ಏನು ಮಾಡ್ತೀರೋ ಅದು ನಿಮ್ಮ ನಿಮ್ಮ ಕಷ್ಟಕ್ಕೆ ಬಿಟ್ಟಿದ್ದು. ಬದು, ಬೇಲಿ, ಕಾಲುದಾರಿಗೆ ಮಾತ್ರ ಕಳೆನಾಶಕ ಬೇಡ. ನಾನು ಈಗ ಪಾಲಿಸ್ತಿರೋದು ಇಷ್ಟು:

1. ಬದುವಿನ ಹುಲ್ಲು ಕುಡುಗೋಲಿನಲ್ಲಿ ಇಲ್ಲವೇ ಬ್ರಷ್ ಕಟರ್‌ನಲ್ಲಿ ಕೊಯ್ಯೋದು. ಬೇರು ಉಳಿಯುತ್ತೆ, ಕೊಯ್ದಿದ್ದು ದನಕ್ಕೆ. ನಾವು ನಾಲ್ಕು ಮನೆಯವರು ಸೇರಿ ಒಂದು ಬ್ರಷ್ ಕಟರ್ ಕೊಂಡಿದ್ದೀವಿ.

2. ನಡೆದಾಡುವ ಕಡೆ ಪೂರ್ತಿ ಕೊಯ್ದು ದಾರಿ ಬಿಡೋದು. ಆಗ ಹಾವಿನ ಭಯ ಕಡಿಮೆ.

3. ಹೊಲದಲ್ಲಿ ಹೊಡೆಯಲೇಬೇಕಾದರೆ ಗಾಳಿ ಇಲ್ಲದ ಹೊತ್ತು ನೋಡಿ, ಬದುವಿಗೆ ಹಾರದ ಹಾಗೆ ಹೊಡೆಯೋದು. ಆ ಹೊಲಕ್ಕೆ ಕೆಂಪು ಬಟ್ಟೆ ಕಟ್ಟಿ, ಮನೆಯವರಿಗೆ, ಅಕ್ಕಪಕ್ಕದವರಿಗೆ, ಸೊಪ್ಪು ಕೊಯ್ಯೋಕೆ ಬರುವ ಹೆಂಗಸರಿಗೆ ಹೇಳೋದು.

4. ಲೇಬಲ್ಲಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳೋದು. ಹೆಚ್ಚುಕಮ್ಮಿ ಆದರೆ ಡಾಕ್ಟರು ಮೊದಲು ಕೇಳೋದು ಅದನ್ನೇ.

5. ಮಕ್ಕಳನ್ನು ಒಬ್ಬೊಬ್ಬರೇ ಬಿಡದೆ, ಗೊತ್ತಿರುವ ಹಿರಿಯರ ಜೊತೆ ಕಳಿಸೋದು. ಸೊಪ್ಪಿನ ಹೆಸರು ಊರಿಗೊಂದು ಇರುತ್ತೆ, ಹಾಗಾಗಿ ಹೆಸರು ನಂಬದೆ ಗಿಡ ನೋಡಿ ಕಲೀಬೇಕು. ಹುಳಿಸೊಪ್ಪಾದರೂ ಸ್ವಲ್ಪವೇ, ಅತಿಯಾದರೆ ಒಳ್ಳೇದಲ್ಲ.

ಕುಸಿದ ಬದು ಕಟ್ಟಿಸಿ ಗರಿಕೆ ಹಚ್ಚಿಸಿದ್ದೀನಿ. ಈ ವರ್ಷ ಅಲ್ಲಿ ಅಣ್ಣೆ ಸೊಪ್ಪು ಬಂದಿದೆ, ಹುಳಿಸೊಪ್ಪು ಇನ್ನೂ ಬಂದಿಲ್ಲ. ಮೊಮ್ಮಗಳು ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, "ತಾತ, ಈಗ ತಿನ್ನಬಹುದಾ?" ಅಂತ. ಕೆಳಗಿನ ಬದುವಿಗೆ ನಾನು ಯಾವತ್ತೂ ಹೊಡೆದಿಲ್ಲ. ಈ ರಜೆಗೆ ಬಂದಾಗ ಅವಳನ್ನೂ ಅವ್ವನನ್ನೂ ಅಲ್ಲಿಗೇ ಕರಕೊಂಡು ಹೋಗ್ತೀನಿ. ನಿಮ್ಮ ಹೊಲದಲ್ಲೂ ಅಂಥ ಒಂದು ಬದು ಇರಲಿ.