ಹಾಸಿಗೆಗಿಂತ ಮೊದಲು ತಂತಿಯನ್ನು ನೋಡಿ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಯನಗರದ ನಮ್ಮ ಮನೆಯ ಮುಂದೆ ಕ್ಯಾರವಾನ್ ಒಂದನ್ನು ತಂದು ನಿಲ್ಲಿಸಿದ. ಹಳೆಯ ವ್ಯಾನನ್ನು ಮಾರ್ಪಡಿಸಿದ್ದು. "ಕೊಳ್ಳಬಹುದೇ ಸಾರ್?" ಎಂದ. ಹಾಸಿಗೆ, ಪರದೆ, ಪುಟ್ಟ ಅಡುಗೆಕಟ್ಟೆ ಎಲ್ಲವೂ ಸೊಗಸಾಗಿದ್ದವು. ಆದರೆ ಆಸನದಡಿಯ ಪೆಟ್ಟಿಗೆ ತೆರೆದಾಗ ಫ್ಯೂಸಿನ ಜಾಗದಲ್ಲಿ ದಪ್ಪನೆಯ ತಾಮ್ರದ ತಂತಿ ಕಂಡಿತು. ಉಳಿದವರನ್ನು ಕಾಯಲು ತಾನೇ ಮೊದಲು ಸಾಯುವ ತಂತಿ ಫ್ಯೂಸ್ ಎಂದು ತರಗತಿಯಲ್ಲಿ ಹೇಳಿದ್ದು ಇಬ್ಬರಿಗೂ ನೆನಪಾಯಿತು.

ಇಂತಹ ವಾಹನದಲ್ಲಿ ಸಾಮಾನ್ಯವಾಗಿ ಎರಡು ವಿದ್ಯುತ್ ವ್ಯವಸ್ಥೆಗಳಿರುತ್ತವೆ: ಬ್ಯಾಟರಿಯ 12 ವೋಲ್ಟ್ ಮತ್ತು ಹೊರಗಿನಿಂದ ಪಡೆಯುವ 230 ವೋಲ್ಟ್. ಪೂರ್ಣ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 230 ವೋಲ್ಟಿನ ಭಾಗಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ವಾಹನದ ಲೋಹದ ಒಡಲಿಗೂ ಅರ್ಥಿಂಗ್ ಜೋಡಣೆಯಾಗಿರಬೇಕು. ಟೆಸ್ಟ್ ಗುಂಡಿ ಒತ್ತಿದಾಗ ಆರ್‌ಸಿಸಿಬಿ ಟ್ರಿಪ್ ಆದ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಎಂದು ತಿಳಿಯಬಾರದು. ಅದನ್ನು ಎಲೆಕ್ಟ್ರಿಷಿಯನ್ ಅಳೆದೇ ಹೇಳಬೇಕು.

ಪ್ರಿಯ ಶಿಷ್ಯರೇ, ಪರೀಕ್ಷೆಗೆ ಒಪ್ಪದ ಮಾರಾಟಗಾರ ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿ. ರಾತ್ರಿ ಅದರೊಳಗೆ ಮಲಗುವವರು ನಿಮ್ಮ ಮಕ್ಕಳು.