ಕಿಲಿಮಾಂಜಾರೋ ಬೆಟ್ಟದ ತೋಟಿಗರೂ ವಿದ್ವಾಂಸರ ಪುಸ್ತಕಗಳೂ

ನಮ್ಮ ಬೆಳೆಗಾರ ಬಾಂಧವರಲ್ಲಿ ಆಫ್ರಿಕದ ಮಾತು ಬರುವುದು ಸಾಮಾನ್ಯವಾಗಿ ಕಾಫಿ ಧಾರಣೆ ಕುಸಿದಾಗ. ಅಲ್ಲಿ ಫಸಲು ಹೆಚ್ಚಾಯಿತಂತೆ, ಇಲ್ಲಿ ದರ ಬಿತ್ತಂತೆ ಎಂಬಲ್ಲಿಗೆ ಆ ಖಂಡದ ವಿಚಾರ ಮುಗಿಯುತ್ತದೆ. ಆ ಫಸಲನ್ನು ಬೆಳೆದವರು ಯಾರು, ಅವರ ತೋಟ ಹೇಗಿದೆ, ಅಣ್ಣತಮ್ಮಂದಿರು ಪಾಲಾಗುವಾಗ ಏನು ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ಇದನ್ನೆಲ್ಲ ಕೇಳಿ ಬರೆದಿಟ್ಟ ವಿದ್ವಾಂಸರು ಮಾತ್ರ ನೂರು ವರ್ಷಕ್ಕೂ ಹಿಂದಿನಿಂದ ಇದ್ದಾರೆ. ಅವರ ಬರಹ ನಮ್ಮ ಕೈಗೂ ಬರಬೇಕೆಂಬುದು ನಮ್ಮ ಅಭಿಪ್ರಾಯ.

ನಂಟು ಇಲ್ಲವೆನ್ನುವಂತಿಲ್ಲ. ನಮ್ಮ ಅರೇಬಿಕ ಗಿಡದ ತವರು ಇಥಿಯೋಪಿಯದ ಕಾಡು. ರೊಬಸ್ಟದ್ದು ಮಧ್ಯ ಆಫ್ರಿಕ. ನಾವು ದಿನಾ ಉಣ್ಣುವ ರಾಗಿ ಕೂಡ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದು. ಬಾಳೆ ಏಷ್ಯದಿಂದ ಅತ್ತ ಹೋಯಿತು. ಈಗ ತಾಂಜಾನಿಯದ ಕಿಲಿಮಾಂಜಾರೋ ತಪ್ಪಲಿನ ಚಾಗ್ಗ ಜನ ಬಾಳೆಹಣ್ಣಿಗೆ ಮೊಳಕೆ ರಾಗಿ ಬೆರೆಸಿ ‘ಮ್ಬೆಗೆ’ ಎಂಬ ಪಾನೀಯ ಮಾಡುತ್ತಾರೆ. (ಅಮಲಿನದು, ಪ್ರಯೋಗಕ್ಕೆ ನಮ್ಮ ಶಿಫಾರಸಿಲ್ಲ.)

ಈ ಚಾಗ್ಗರ ಮನೆಯಂಗಳದ ತೋಟಕ್ಕೆ ‘ಕಿಹಂಬ’ ಎಂದು ಹೆಸರು. ವರ್ಣನೆ ಓದಿದರೆ ಮಲೆನಾಡಿನವರಿಗೆ ಪರಿಚಿತವೆನಿಸುತ್ತದೆ. ನೆಲದಲ್ಲಿ ಕೆಸು, ಬೀನ್ಸ್. ಅದರ ಮೇಲೆ ಕಾಫಿ. ಕಾಫಿಯ ಮೇಲೆ ಬಾಳೆ. ಎಲ್ಲಕ್ಕೂ ಮೇಲೆ ನೆರಳಿನ ಮರ. ನಾವು ನೆಡುವ ಅದೇ ಸಿಲ್ವರ್ ಓಕ್ ಅಲ್ಲಿಯೂ ಉಂಟು. ನಮ್ಮಲ್ಲಿ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದಂತೆ ಅವರು ಗೆಣಸಿನ ಬಳ್ಳಿ ಹಬ್ಬಿಸುತ್ತಾರೆ. ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವುದು ವಾಡಿಕೆ. ಹುಲ್ಲನ್ನು ಕೆಳಗಿನ ಬಯಲಿನಿಂದ ಹೆಂಗಸರು ತಲೆಹೊರೆಯಲ್ಲಿ ಬೆಟ್ಟ ಹತ್ತಿಸಿ ತರುತ್ತಿದ್ದರು. ಗೊಬ್ಬರ ಬಾಳೆ ಬುಡಕ್ಕೆ. ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ನೀರಿನ ವ್ಯವಸ್ಥೆಯಂತೂ ಅದ್ಭುತ. ಬೆಟ್ಟದ ಹಳ್ಳಗಳಿಂದ ಮೈಲುಗಟ್ಟಲೆ ಕಾಲುವೆ ತೋಡಿ, ಕೊರಕಲು ಅಡ್ಡ ಬಂದಲ್ಲಿ ಕೊರೆದ ಮರದ ದಿಮ್ಮಿ ಇಟ್ಟು ನೀರು ದಾಟಿಸುತ್ತಿದ್ದರು. ಇದು ‘ಮ್ಫೊಂಗೊ’. ನಾವು ಅಡಿಕೆ ಮರದ ದಂಬೆಯಲ್ಲಿ ನೀರು ತಿರುಗಿಸಿದವರೇ. ಯಾವ ಕಾಲುವೆ ಯಾವ ಕುಲದ್ದು, ಯಾರ ಸರದಿ ಯಾವಾಗ, ದುರಸ್ತಿಗೆ ಬಾರದವನಿಗೆ ಏನು ದಂಡ ಎಂಬುದಕ್ಕೆಲ್ಲ ಕಟ್ಟುಕಟ್ಟಳೆ ಇತ್ತು. ಈ ನೀರಿನ ಚರಿತ್ರೆಯನ್ನೇ ಹಿಡಿದು ಮ್ಯಾಥ್ಯೂ ಬೆಂಡರ್ ಎಂಬುವರ ಇಡೀ ಒಂದು ಗ್ರಂಥ 2019ರಲ್ಲಿ ಬಂದಿದೆ.

ಈ ಜನರ ರೀತಿನೀತಿಗಳನ್ನು ಮೊದಲು ವಿಸ್ತಾರವಾಗಿ ಬರೆದವನು ಬ್ರೂನೋ ಗುಟ್‌ಮನ್ ಎಂಬ ಜರ್ಮನ್ ಪಾದ್ರಿ. 1902ರಲ್ಲಿ ಹೋಗಿ, ನಡುವೆ ಕೆಲವು ವರ್ಷ ಬಿಟ್ಟು, 1938ರವರೆಗೂ ಅಲ್ಲಿದ್ದ. ಚಾಗ್ಗರ ನ್ಯಾಯಪದ್ಧತಿಯನ್ನು ಕುರಿತ ಅವನ ದೊಡ್ಡ ಪುಸ್ತಕ 1926ರದು. ಅದು ಜರ್ಮನ್ ಭಾಷೆಯಲ್ಲಿದೆ. ಯಾರ ಬಾಯಿಂದ ಕೇಳಿ ಬರೆದನೋ ಅವರಿಗೆ ಅದು ಓದಲು ಬಾರದು. 1800–01ರಲ್ಲಿ ಬುಕಾನನ್ ನಮ್ಮ ಮಲೆನಾಡಿನ ಅಡಿಕೆ ತೋಟಗಳನ್ನು ನೋಡಿ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದದ್ದೂ ಇದೇ ಬಗೆ.

ಗುಟ್‌ಮನ್‌ಗಿಂತ ನಮಗೆ ಹೆಚ್ಚು ಉಪಯುಕ್ತವೆನಿಸಿದ್ದು ಅಮೆರಿಕದ ಸ್ಯಾಲಿ ಫಾಕ್ ಮೂರ್ ಅವರ 1986ರ ಗ್ರಂಥ. ಈಕೆ ಕಾನೂನು ಓದಿ ಆಮೇಲೆ ಮಾನವಶಾಸ್ತ್ರಕ್ಕೆ ಬಂದವರು. ಅಲ್ಲಿ ಹಿರಿಯ ಮಗನಿಗೂ ಕಿರಿಯ ಮಗನಿಗೂ ಪಾಲಿನಲ್ಲಿ ವಿಶೇಷ ಸ್ಥಾನ; ನಡುವಿನವರ ಪಾಡು ಕಷ್ಟ. ಜಮೀನು ಧಾರಾಳವಿದ್ದಾಗ ನಡುವಿನವನು ಹೊಸ ಜಾಗ ಕಡಿದುಕೊಳ್ಳುತ್ತಿದ್ದ. ಕಾಫಿ ಬಂದು ನೆಲಕ್ಕೆ ಬೆಲೆ ಬಂತು, ಜನ ಹೆಚ್ಚಿದರು, ಜಾಗ ತೀರಿತು. ದಾಯಾದಿ ವ್ಯಾಜ್ಯಗಳು ಮೊದಲಾದವು. ‘ಅನಾದಿಯಿಂದ ಬಂದ ಸಂಪ್ರದಾಯ’ ಎಂದು ಕೋರ್ಟಿನಲ್ಲಿ ಹೇಳುವುದೆಲ್ಲ ಅನಾದಿಯದಲ್ಲ, ಕಾಲಕಾಲಕ್ಕೆ ಬದಲಾದದ್ದು ಎಂದು ಅವರು ವ್ಯಾಜ್ಯಗಳನ್ನೇ ಮುಂದಿಟ್ಟು ತೋರಿಸುತ್ತಾರೆ. ಒಂದು ಎಕರೆ ತೋಟವನ್ನು ನಾಲ್ಕು ಪಾಲು ಮಾಡಿ ದಾರಿಗೂ ನೀರಿಗೂ ಜಗಳ ಕಾಯುವ ನಮ್ಮ ಕುಟುಂಬಗಳಿಗೆ ಇದು ಪರದೇಶದ ಕಥೆಯಲ್ಲ.

ಸಹಕಾರಿಗಳಾದ ನಾವು ಇನ್ನೊಂದನ್ನು ಗಮನಿಸಬೇಕು. ಆಫ್ರಿಕನ್ನರು ಕಾಫಿ ಬೆಳೆಯುವುದು ಅಲ್ಲಿನ ಬಿಳಿಯ ಪ್ಲಾಂಟರುಗಳಿಗೆ ಬೇಕಿರಲಿಲ್ಲ. ಕೂಲಿಯಾಳು ಸಿಗದೆ ಹೋದೀತೆಂಬ ಭಯ. ಅದನ್ನೆದುರಿಸಿ ಚಾಗ್ಗ ಬೆಳೆಗಾರರು 1925ರಲ್ಲಿ ಸಂಘ ಕಟ್ಟಿದರು. ಮುಂದಾಳು ಜೋಸೆಫ್ ಮೆರಿನ್ಯೊ. 1933ರಲ್ಲಿ ಅದರ ಜಾಗದಲ್ಲಿ ಸರ್ಕಾರದ ಹಿಡಿತ ಹೆಚ್ಚಿದ್ದ ಸಹಕಾರಿ ಯೂನಿಯನ್ ಬಂತು. ಕಾಫಿಯನ್ನೆಲ್ಲ ಅದಕ್ಕೇ ಮಾರಬೇಕೆಂದು ಕಡ್ಡಾಯವಾಯಿತು. ದರ ಕುಸಿದಾಗ, 1937ರಲ್ಲಿ, ಬೆಳೆಗಾರರು ತಮ್ಮ ಹೆಸರಿನದೇ ಯೂನಿಯನ್ನಿನ ಮೇಲೆ ತಿರುಗಿಬಿದ್ದರು. ಅಧಿಕಾರಿಗಳು ಅದನ್ನು ದೊಂಬಿ ಎಂದರು. ಲೆಕ್ಕ ಕೇಳುವ ದಾರಿಯಿಲ್ಲದ ಸದಸ್ಯ ಇನ್ನೇನು ಮಾಡಬೇಕಿತ್ತು ಎಂದು ನಾವು ಕೇಳುತ್ತೇವೆ. ಸ್ವಾತಂತ್ರ್ಯ ಬಂದ ಮೇಲೆ 1976ರಲ್ಲಿ ಅವರದೇ ಸರ್ಕಾರ ಸಹಕಾರಿ ಯೂನಿಯನ್ನುಗಳನ್ನು ರದ್ದುಮಾಡಿತು. 1982ರ ಕಾನೂನಿನ ನಂತರ ಮತ್ತೆ ಜೀವ ಬಂತು. ಸಹಕಾರ ಸಪ್ತಾಹದ ಭಾಷಣಗಳಲ್ಲಿ ಸಿಗದ ಪಾಠ ಇದರಲ್ಲಿದೆ.

“ಇದನ್ನೋದಿದರೆ ಕಾಫಿಗೆ ನಾಲ್ಕು ಕಾಸು ಹೆಚ್ಚು ಬಂದೀತೇ?” ಎನ್ನುವವರೂ ನಮ್ಮಲ್ಲಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅಂಥವರಿಗೆ ಪಿ. ಕೆ. ಆರ್. ನಾಯರ್ ಅವರ ಉದಾಹರಣೆ ಕೊಡಬಹುದು. 1970ರ ದಶಕದಲ್ಲಿ ನಮ್ಮ ಮಗ್ಗುಲಿನ ಕಾಸರಗೋಡಿನ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗಿನ ನಡುವೆ ಹಲವು ಬೆಳೆ ಬೆಳೆಯುವ ಅಭ್ಯಾಸ ಮಾಡಿದವರು ನೈರೋಬಿಯ ಅರಣ್ಯಕೃಷಿ ಸಂಸ್ಥೆಗೆ ಹೋದರು. ಉಷ್ಣವಲಯದ ಮನೆತೋಟಗಳನ್ನು ತೂಗಿನೋಡುವ ಕೆಲಸದಲ್ಲಿ ಪಾಲುಗೊಂಡರು. ಕಿಹಂಬದ ಪ್ರಸಿದ್ಧ ವರದಿ ಬಂದದ್ದೂ ಆ ದಿನಗಳಲ್ಲೇ, 1984ರಲ್ಲಿ. ತೋಟದ ಅನುಭವ ಇಲ್ಲಿಂದ ಅಲ್ಲಿಗೆ ಹೋಯಿತು. ಅಲ್ಲಿಂದ ನಮ್ಮ ಅಂಗಳಕ್ಕೆ ಕನ್ನಡದಲ್ಲಿ ಬರಲಿಲ್ಲ. 2006ರಲ್ಲಿ ಆಂಡ್ರಿಯಾಸ್ ಹೆಂಪ್ ಅವರು ಕಿಹಂಬಗಳಲ್ಲಿ ಸುಮಾರು 520 ಜಾತಿಯ ಗಿಡಗಳನ್ನು ದಾಖಲಿಸಿದರು. 400ಕ್ಕೂ ಹೆಚ್ಚು ಜಾತಿ ಯಾರೂ ನೆಡದೆ ಬೆಳೆದವು. ನಮ್ಮ ತೋಟಗಳಲ್ಲಿ ಕಳೆನಾಶಕ ಹೊಡೆಯುವ ಮೊದಲು ಎಷ್ಟಿದ್ದವೋ!

ಚಾಗ್ಗ ಎಂಬುದೂ ಒಂದೇ ನುಡಿಯಲ್ಲ, ಬೆಟ್ಟದ ಒಂದೊಂದು ಮಗ್ಗುಲಿಗೆ ಒಂದೊಂದು ಎಂದು ಡೆರೆಕ್ ನರ್ಸ್ 1979ರಲ್ಲಿ ಪಟ್ಟಿಮಾಡಿದರು. ಶಾಲೆ, ಕಚೇರಿ, ಪೇಟೆಗಳ ಭಾಷೆ ಸ್ವಾಹಿಲಿಯಾದ ಮೇಲೆ ತೋಟದ ಮಾತು ಮನೆಯೊಳಗೆ ಉಳಿಯಿತು. ಕಾಲುವೆ ಮುಚ್ಚಿದಾಗ ಕಾಲುವೆಯ ಪದಗಳೂ ಮುಚ್ಚಿಹೋಗುತ್ತವೆ. ನಮ್ಮ ಹುಡುಗರಲ್ಲಿ ದಂಬೆ ಎಂದರೆ ತಿಳಿಯುವವರೆಷ್ಟು? ದೋಟಿ ಹಿಡಿಯುವ ಕೊನೆಗೌಡನ ಬಾಯಲ್ಲಿ ಮಾತ್ರ ಇರುವ ಪದಗಳನ್ನು ಬರೆದುಕೊಂಡವರು ಯಾರು?

ಆದ್ದರಿಂದ ಎರಡು ಸಲಹೆ. ಆ 1984ರ ವರದಿಯನ್ನಾದರೂ ಅನುಮತಿ ಪಡೆದು ಕನ್ನಡಕ್ಕೆ ತರಿಸಲು ಸಂಘದ ಶಿಕ್ಷಣ ನಿಧಿಯಿಂದ ಹಣ ಕೊಡಬೇಕು. ಜೊತೆಗೆ, ತೋಟದ ಕೆಲಸ, ಸಲಕರಣೆ, ನೀರು, ರೋಗಗಳಿಗೆ ತಮ್ಮ ಊರಿನಲ್ಲಿರುವ ಹೆಸರುಗಳನ್ನು ಸದಸ್ಯರು ಬರೆದು ಕಚೇರಿಗೆ ಕಳಿಸಬೇಕು. ಮನೆಯ ಹಿರಿಯ ಹೆಂಗಸರನ್ನು ಕೇಳದೆ ಪಟ್ಟಿ ಮುಗಿಸಬಾರದು. ಮುಂದಿನ ಮಹಾಸಭೆಯಲ್ಲಿ ಇದನ್ನು ಮಂಡಿಸುತ್ತೇವೆ. ಖರ್ಚಿನ ಬಗ್ಗೆ ಆಕ್ಷೇಪವಿರುವವರು ದಯವಿಟ್ಟು ಊಟಕ್ಕೆ ಮೊದಲೇ ಬರಬೇಕು.